ನಮ್ಮ ಕಾರು ನಾವೇ ನೋಡ್ಕೊಳ್ಳೋದು: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮೂರು ದಾವಣಗೆರೆ, ಈಗಿರೋದು ಪುಣೆ ಪಕ್ಕದ ಚಿಂಚವಡದಲ್ಲಿ. ಗಾಡಿ 2012ರ ವ್ಯಾಗನ್ ಆರ್, ಪೆಟ್ರೋಲ್. ಭಾನುವಾರ ಬೆಳಿಗ್ಗೆ ಪಾರ್ಕಿಂಗಲ್ಲಿ ಬಾನೆಟ್ ಎತ್ತಿದ್ರೆ ಸಾಕು, ಹಾಲು ತರೋಕೆ ಇಳಿದವ್ರು, ವಾಕಿಂಗ್ ಹೊರಟವ್ರು ಎಲ್ಲಾ ಒಂದು ನಿಮಿಷ ನಿಂತು ಏನೋ ಒಂದು ಕೇಳ್ತಾರೆ, ಊರಿಗೆ ಹೋದ್ರೆ ಭಾವಮೈದುನಂದಿರೂ ಅದೇ ಕೇಳ್ತಾರೆ. ಅವ್ರಿಗೆಲ್ಲಾ ಬಾಯಲ್ಲಿ ಹೇಳಿದ್ದನ್ನೇ ಇಲ್ಲಿ ಬರೆದಿದೀನಿ. ನಾನು ಮೆಕ್ಯಾನಿಕ್ ಅಲ್ಲ, ಒಂಬತ್ತು ವರ್ಷದಿಂದ ಒಂದೇ ಗಾಡಿ ಬಿಚ್ಚಿ ಕಟ್ಟಿ ಕಲಿತವನು ಅಷ್ಟೇ.

ನನಗೆ ಗಾಡಿ ಓಡಿಸೋದು ಬಿಟ್ರೆ ಏನೂ ಗೊತ್ತಿಲ್ಲ, ಎಲ್ಲಿಂದ ಶುರು ಮಾಡ್ಲಿ?

ಬಿಚ್ಚೋದ್ರಿಂದ ಶುರು ಮಾಡ್ಬೇಡಿ, ನೋಡೋದ್ರಿಂದ ಮಾಡಿ. ಗ್ಲವ್ ಬಾಕ್ಸಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಮಲಗಿರುತ್ತಲ್ಲ ಮ್ಯಾನ್ಯುಯಲ್ಲು, ಅದನ್ನ ಒಂದು ಸಲ ಪೂರ್ತಿ ಓದಿ. ಯಾವ ಆಯಿಲ್, ಎಷ್ಟು ಲೀಟರ್, ಯಾವ ಫ್ಯೂಸ್ ಎಲ್ಲಿದೆ, ಜಾಕ್ ಎಲ್ಲಿ ಕೊಡ್ಬೇಕು, ಎಲ್ಲಾ ಅದ್ರಲ್ಲೇ ಇರುತ್ತೆ, ಇಂಟರ್ನೆಟ್ಟಲ್ಲಿ ಹತ್ತು ಜನ ಹತ್ತು ತರ ಹೇಳೋದಕ್ಕಿಂತ ಅದು ವಾಸಿ.

ಆಮೇಲೆ ಒಂದು ತಿಂಗಳು ವಾರಕ್ಕೊಂದು ಸಲ ಇಷ್ಟೇ ಮಾಡಿ: ಎಂಜಿನ್ ತಣ್ಣಗಿದ್ದಾಗ ಡಿಪ್‌ಸ್ಟಿಕ್ (ಆಯಿಲ್ ಮಟ್ಟ ನೋಡೋ ಕಡ್ಡಿ) ಎಳೆದು ಒರೆಸಿ ಮತ್ತೆ ಹಾಕಿ ತೆಗೆದು ನೋಡೋದು, ಕೂಲಂಟ್ (ಎಂಜಿನ್ ತಂಪು ಮಾಡೋ ನೀರು) ಡಬ್ಬಿಯಲ್ಲಿ ಮೇಲಿನ ಗೆರೆ ಕೆಳಗಿನ ಗೆರೆ ಮಧ್ಯೆ ಇದೆಯಾ ನೋಡೋದು, ನಾಲ್ಕು ಟೈರು ಮತ್ತೆ ಸ್ಟೆಪ್ನಿ ಗಾಳಿ ಚೆಕ್ ಮಾಡೋದು. ಗಾಳಿ ಎಷ್ಟಿರ್ಬೇಕು ಅನ್ನೋದು ಡ್ರೈವರ್ ಬಾಗಿಲು ತೆಗೆದ್ರೆ ಕಂಬದ ಮೇಲೆ ಸ್ಟಿಕರಲ್ಲಿರುತ್ತೆ, ಟೈರ್ ಮೇಲೆ ಬರೆದಿರೋದು ಅದು ತಡ್ಕೊಳ್ಳೋ ಗರಿಷ್ಠ ಒತ್ತಡ, ಅದನ್ನ ನೋಡಿ ತುಂಬಿಸ್ಬೇಡಿ. ಓಡಿಸಿ ಬಂದು ಬಿಸಿ ಇರುವಾಗ ನೋಡಿದ್ರೆ ಜಾಸ್ತಿ ತೋರಿಸುತ್ತೆ, ಆದ್ರಿಂದ ಬೆಳಿಗ್ಗೆ ನೋಡ್ಬೇಕು. ಟೈರಿನ ಮೇಲಿನ ಕಾಲುವೆ ತರದ ಗೆರೆಗಳ ಒಳಗೆ ಸಣ್ಣ ಸಣ್ಣ ದಿಬ್ಬ ಇರುತ್ತೆ, ರಬ್ಬರ್ ಸವೆದು ಆ ದಿಬ್ಬಕ್ಕೆ ಸಮ ಬಂತು ಅಂದ್ರೆ 1.6 ಮಿ.ಮೀ.ಗೆ ಬಂತು ಅಂತ, ಕಾನೂನೂ ಅಷ್ಟಕ್ಕೇ ನಿಲ್ಲುತ್ತೆ. ಒಂದು ತಿಂಗಳು ಇದನ್ನ ಬಿಡದೆ ಮಾಡಿದ್ರೆ ನಿಮ್ಮ ಗಾಡಿಗೆ ಯಾವುದು ಮಾಮೂಲಿ ಅಂತ ತಿಳಿಯುತ್ತೆ, ಮಾಮೂಲಿ ಗೊತ್ತಿದ್ದವನಿಗೆ ಮಾತ್ರ ಕೆಟ್ಟಿದ್ದು ಬೇಗ ಕಾಣೋದು.

ಯಾವ್ಯಾವ ಟೂಲ್ ಬೇಕು, ಪುಣೆಯಲ್ಲಿ ಎಲ್ಲಿ ಸಿಗುತ್ತೆ?

ದೊಡ್ಡ ನೂರೆಂಟು ಪೀಸಿನ ಬಾಕ್ಸ್ ಬೇಡ. 8ರಿಂದ 19ರ ತನಕ ರಿಂಗ್ ಪಾನಾ (ಸ್ಪ್ಯಾನರ್) ಮತ್ತೆ ಗೋಟಿ (ಸಾಕೆಟ್) ಸೆಟ್ಟು, ಒಳ್ಳೆ ಸ್ಕ್ರೂಡ್ರೈವರ್ ಎರಡು, ಒಂದು ಪಕ್ಕಡ್ (ಇಕ್ಕಳ), ವೋಲ್ಟ್ ಅಳೆಯೋ ಒಂದು ಮಲ್ಟಿಮೀಟರ್, ಹೆಡ್‌ಲ್ಯಾಂಪ್ ತರ ತಲೆಗೆ ಕಟ್ಟೋ ಟಾರ್ಚು. ಜಪಾನ್ ಮೂಲದ ಗಾಡಿಗಳಲ್ಲಿ 10, 12, 14 ನಂಬರೇ ಜಾಸ್ತಿ ಬರೋದು, ಆ ಮೂರನ್ನ ಮಾತ್ರ ದುಬಾರಿದು ತಗೊಳ್ಳಿ. ಗೋಟಿ ತಗೊಳ್ಳುವಾಗ ಆರು ಮೂಲೆದೇ ತಗೊಳ್ಳಿ, ಹನ್ನೆರಡು ಮೂಲೆದು ಹಳೇ ನಟ್ಟಿನ ತಲೆ ಸವೆಸಿ ಗುಂಡಗೆ ಮಾಡಿಬಿಡುತ್ತೆ. ಮುಂದೆ ದುಡ್ಡಾದಾಗ ಟಾರ್ಕ್ ರೆಂಚ್, ಅಂದ್ರೆ ಎಷ್ಟು ಬಲಕ್ಕೆ ಬಿಗಿದ್ವಿ ಅಂತ ತೋರಿಸೋ ಪಾನಾ.

ರವಿವಾರ ಪೇಟೆಯ ಬೋಹರಿ ಆಳಿಯಲ್ಲಿ ಹಾರ್ಡ್‌ವೇರ್ ಎಲ್ಲಾ ಸಿಗುತ್ತೆ, ಸ್ಪೇರ್ಸಿಗೆ ನಾನಾ ಪೇಟೆ. ಮಂಗಳವಾರ ಪೇಟೆ ಅನ್ನೋ ಏರಿಯಾದಲ್ಲಿ ಬುಧವಾರ ಮತ್ತೆ ಭಾನುವಾರ ಜೂನಾ ಬಜಾರ್ (ಹಳೇ ಸಾಮಾನಿನ ಸಂತೆ) ಕೂಡುತ್ತೆ, ಅಲ್ಲಿ ಹಳೇ ಕಾಲದ ಗಟ್ಟಿ ಪಾನಾಗಳು ತೂಕದ ಲೆಕ್ಕದಲ್ಲಿ ಸಿಕ್ಕಿದ್ದಿದೆ, ನನ್ನ ಅತಿ ಒಳ್ಳೆ 14 ನಂಬರ್ ರಿಂಗ್ ಪಾನಾ ಅಲ್ಲಿಂದಲೇ ಬಂದಿದ್ದು. ಮುಂಬೈ ಕಡೆಯವ್ರಾದ್ರೆ ನಾಗದೇವಿ ಸ್ಟ್ರೀಟಿಗೆ ಹೋಗಿ, ಟೂಲಿಗೆ ಅದೇ ಬೀದಿ.

ಮರಾಠಿ ಬರಲ್ಲ ಅಂತ ಹೆದರ್ಬೇಡಿ, ಈ ಕಸುಬಿನ ಅರ್ಧ ಮಾತು ನಮ್ಮ ಹುಬ್ಬಳ್ಳಿ ಬೆಳಗಾವಿ ಗ್ಯಾರೇಜಲ್ಲೂ ಅದೇ. ಪಾನಾ, ಪಕ್ಕಡ್, ಟಾಮಿ (ಮೀಟೋ ಸರಳು) ಅಂದ್ರೆ ಎಲ್ರಿಗೂ ತಿಳಿಯುತ್ತೆ, ಎಂಜಿನ್ ಕೆಳಗೆ ಆಯಿಲ್ ಇರೋ ತಟ್ಟೆಗೆ ಚೇಂಬರ್ ಅಂತಾರೆ. ಆದ್ರೆ ಸ್ಪೇರ್ಸ್ ಅಂಗಡಿಗೆ ಹೋಗುವಾಗ ಹಳೇ ಪಾರ್ಟನ್ನೇ ಒರೆಸಿ ಕೈಯಲ್ಲಿ ಹಿಡ್ಕೊಂಡು ಹೋಗಿ, ಇಲ್ಲಾ ಅದರ ಮೇಲಿನ ಪಾರ್ಟ್ ನಂಬರ್ ಫೋಟೋ ಹೊಡ್ಕೊಳ್ಳಿ. "ವ್ಯಾಗನ್ ಆರಿಂದು ಕೊಡಿ" ಅಂದ್ರೆ ಮೂರು ತಲೆಮಾರಿನ ವ್ಯಾಗನ್ ಆರ್ ಇದಾವೆ, ಅವ್ರು ತಾನೇ ಏನು ಕೊಡ್ತಾರೆ.

ಸೊಸೈಟಿ ಪಾರ್ಕಿಂಗಲ್ಲಿ ಇದನ್ನೆಲ್ಲಾ ಮಾಡೋಕೆ ಬಿಡ್ತಾರಾ?

ನೆಲಕ್ಕೆ ಆಯಿಲ್ ಬೀಳದಿದ್ರೆ ಬಿಡ್ತಾರೆ. ಟಿವಿ ಅಥವಾ ಫ್ರಿಜ್ ಬಂದ ದೊಡ್ಡ ರಟ್ಟಿನ ಡಬ್ಬ ಬಿಚ್ಚಿ ಹಾಸ್ಕೊಳ್ಳಿ, ಜೊತೆಗೆ ಮರದ ಪುಡಿ ಇಲ್ಲಾ ಮರಳು ಒಂದು ಬುಟ್ಟಿ ಪಕ್ಕದಲ್ಲಿರ್ಲಿ, ಚೆಲ್ಲಿದ ತಕ್ಷಣ ಹಾಕೋಕೆ. ಮಧ್ಯಾಹ್ನ ಒಂದರಿಂದ ನಾಲ್ಕರ ತನಕ ಸುತ್ತಿಗೆ ಶಬ್ದ ಮಾತ್ರ ಬೇಡ, ಪುಣೆಯಲ್ಲಿ ಆ ಹೊತ್ತಿನ ನಿದ್ದೆಗೆ ಬೆಲೆ ಇದೆ. ನಾನು ಶುರುವಿನಲ್ಲೇ ಕಮಿಟಿಯವ್ರಿಗೆ ಹೇಳಿ ಮಾಡಿದೆ, ಆಮೇಲೆ ಅವ್ರದ್ದೇ ಗಾಡಿ ಬ್ಯಾಟರಿ ಇಳಿದಾಗ ಜಂಪರ್ ಕೇಬಲ್ ತಗೊಂಡು ಹೋದೆ, ಅವತ್ತಿಂದ ಯಾರೂ ಏನೂ ಅಂದಿಲ್ಲ.

ಆಯಿಲ್ ಚೇಂಜ್ ಮನೇಲೇ ಮಾಡ್ಬೋದಾ?

ಮಾಡ್ಬೋದು, ಆದ್ರೆ ಮೊದಲ ಕೆಲಸ ಇದೇ ಆಗೋದು ಬೇಡ. ಏರ್ ಫಿಲ್ಟರ್, ವೈಪರ್, ಎ.ಸಿ. ಫಿಲ್ಟರ್ ಇವೆಲ್ಲಾ ಮಾಡಿ ಕೈ ಪಳಗಿದ ಮೇಲೆ ಇದಕ್ಕೆ ಬನ್ನಿ.

ಕ್ರಮ ಹೀಗೆ: ಎಂಜಿನ್ ಐದು ನಿಮಿಷ ಓಡಿಸಿ, ಆಯಿಲ್ ಸ್ವಲ್ಪ ಬೆಚ್ಚಗಾದ್ರೆ ಚೆನ್ನಾಗಿ ಇಳಿಯುತ್ತೆ, ಪೂರ್ತಿ ಬಿಸಿ ಇದ್ರೆ ಕೈ ಸುಡುತ್ತೆ. ಸಮ ನೆಲ, ಹ್ಯಾಂಡ್ ಬ್ರೇಕ್, ಹಿಂದಿನ ಚಕ್ರಕ್ಕೆ ಎರಡೂ ಕಡೆ ಕಲ್ಲು ಅಥವಾ ಮರದ ತುಂಡು. ಜಾಕಲ್ಲಿ ಎತ್ತಿ, ಗಾಡಿ ಭಾರ ಹೊರೋ ಕಬ್ಬಿಣದ ಸ್ಟ್ಯಾಂಡ್ ಮೇಲೆ ಕೂರಿಸಿ. ಸ್ಟ್ಯಾಂಡ್ ಇಲ್ಲದೆ ಬರೀ ಜಾಕ್ ಮೇಲೆ ನಿಂತ ಗಾಡಿ ಕೆಳಗೆ ತಲೆ ಹಾಕ್ಬಾರ್ದು, ಒಂದು ನಿಮಿಷಕ್ಕೂ ಹಾಕ್ಬಾರ್ದು, ಗಾಡಿ ಜೊತೆ ಕೊಟ್ಟಿರೋ ಜಾಕ್ ಇರೋದು ಸ್ಟೆಪ್ನಿ ಹಾಕೋಕೆ ಮಾತ್ರ. ಇಟ್ಟಿಗೆ ಜೋಡಿಸಿ ಅದರ ಮೇಲೆ ಕೂರಿಸೋರನ್ನೂ ನೋಡಿದೀನಿ, ಇಟ್ಟಿಗೆ ಹೇಳದೆ ಕೇಳದೆ ಒಡೆಯುತ್ತೆ, ದಯವಿಟ್ಟು ಬೇಡ. ಚೇಂಬರ್ ಬೋಲ್ಟ್ ಬಿಚ್ಚಿ ಹಳೇದು ಪೂರ್ತಿ ತೊಟ್ಟಿಕ್ಕೋ ತನಕ ಬಿಟ್ಟು, ಹೊಸ ವಾಷರ್ ಹಾಕಿ ಬೋಲ್ಟ್ ಮೊದಲು ಬೆರಳಲ್ಲೇ ತಿರುಗಿಸಿ, ನಾಲ್ಕೈದು ಸುತ್ತು ಸಲೀಸಾಗಿ ಹೋದ್ರೆ ಮಾತ್ರ ಪಾನಾ ಮುಟ್ಟಿ. ಓರೆ ಕೂತ ಬೋಲ್ಟನ್ನ ಬಲ ಹಾಕಿ ತಿರುಗಿಸಿದ್ರೆ ಚೇಂಬರಿನ ಥ್ರೆಡ್ಡೇ ಹೋಗುತ್ತೆ, ಅದು ದೊಡ್ಡ ಖರ್ಚು.

ಇನ್ನು ಫಿಲ್ಟರ್. ಇಲ್ಲೇ ನನಗೆ ಮೊದಲ ಸಲ ಪೆಟ್ಟು ಬಿದ್ದಿದ್ದು. ಹಳೇ ಫಿಲ್ಟರ್ ಬಿಚ್ಚಿದೆ, ಹೊಸದರ ರಬ್ಬರ್ ರಿಂಗಿಗೆ ಆಯಿಲ್ ಸವರಿ ಕೈಯಲ್ಲೇ ಬಿಗಿದೆ, ಆಯಿಲ್ ತುಂಬಿದೆ, ಸ್ಟಾರ್ಟ್ ಮಾಡಿದೆ, ಹತ್ತೇ ಸೆಕೆಂಡಿಗೆ ಕೆಳಗಿನ ರಟ್ಟೆಲ್ಲಾ ಬಂಗಾರದ ಬಣ್ಣ. ಆಫ್ ಮಾಡಿ ಫಿಲ್ಟರ್ ಇನ್ನೂ ಬಿಗಿದೆ, ಮತ್ತೆ ಸೋರ್ತು. ಬಿಚ್ಚಿ ನೋಡಿದ್ರೆ ಹಳೇ ಫಿಲ್ಟರಿನ ರಬ್ಬರ್ ರಿಂಗು ಎಂಜಿನ್ನಿಗೇ ಅಂಟ್ಕೊಂಡು ಕೂತಿತ್ತು, ಅದರ ಮೇಲೆ ಹೊಸದನ್ನ ಹಾಕಿದ್ದೆ, ಎರಡು ರಿಂಗ್ ಒಂದರ ಮೇಲೊಂದು ಕೂತ್ರೆ ಆ ಒತ್ತಡಕ್ಕೆ ನಿಲ್ಲೋದೇ ಇಲ್ಲ. ಅವತ್ತು ಹೊಸ ಆಯಿಲ್ ಅರ್ಧ ನೆಲಕ್ಕೆ ಹೋಯ್ತು, ಬಟ್ಟೆ ಹೋಯ್ತು, ಮಧ್ಯಾಹ್ನದ ತನಕ ಉಜ್ಜಿದೆ. ಮೇಲಿನ ಮನೆ ವಿಜಯಪುರದ ಕಾಕಾ ಮಾತ್ರ ಏನೂ ಅನ್ನದೆ ಒಂದು ಚೀಲ ಮರದ ಪುಡಿ ತಂದು ಕೊಟ್ಟು, "ಇರ್ಲಿ ಬಿಡ್ರಿ, ಮುಂದಿನ ಸಲ ಮೊದ್ಲ ಅದನ್ನ ನೋಡ್ತೀರಿ" ಅಂದ್ರು. ಹೌದು, ಈಗ ಹಳೇ ಫಿಲ್ಟರ್ ಕೈಗೆ ಬಂದ ತಕ್ಷಣ ತಿರುಗಿಸಿ ರಿಂಗ್ ಅದರಲ್ಲೇ ಇದೆಯಾ ಅಂತ ನೋಡ್ತೀನಿ, ಎಂಜಿನ್ ಕಡೆ ಬೆರಳಾಡಿಸಿ ಒರೆಸ್ತೀನಿ, ಅದಾದ ಮೇಲೇ ಹೊಸದು. ನೀವೂ ಹಾಗೇ ಮಾಡಿ. ರಬ್ಬರ್ ತಾಗಿದ ಮೇಲೆ ಎಷ್ಟು ಸುತ್ತು ಬಿಗಿಬೇಕು ಅಂತ ಫಿಲ್ಟರ್ ಮೇಲೇ ಬರೆದಿರುತ್ತೆ, ಮುಕ್ಕಾಲು ಸುತ್ತು ಸಾಮಾನ್ಯ.

ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಸ್ವಲ್ಪ ಕಮ್ಮಿ ಹಾಕಿ, ಸ್ಟಾರ್ಟ್ ಮಾಡಿ ಆಯಿಲ್ ಲೈಟ್ ಆರುತ್ತಾ ನೋಡಿ, ಆಫ್ ಮಾಡಿ ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡ್ಕೊಂಡು ಉಳಿದಿದ್ದು ಹಾಕಿ. ಜಾಸ್ತಿ ತುಂಬೋದು ಕಮ್ಮಿ ಇರೋಷ್ಟೇ ಕೆಟ್ಟದ್ದು. ಬೋಲ್ಟ್ ಪಕ್ಕ ಟಿಶ್ಯೂ ಒತ್ತಿ ತೆಗೆದಾಗ ಅದು ಬೆಳ್ಳಗೇ ಬಂದ್ರೆ ನನಗೆ ಆಗೋ ಖುಷಿ ಬೇರೆ ಯಾವ ಕೆಲಸದಲ್ಲೂ ಆಗಲ್ಲ, ಆಫೀಸಲ್ಲಿ ಆರು ತಿಂಗಳ ಪ್ರಾಜೆಕ್ಟ್ ಮುಗಿಸಿದಾಗಲೂ ಹಾಗೆ ಆಗಿಲ್ಲ.

ಆಯಿಲ್ ಡಬ್ಬಿ ಮೇಲೆ ಬರೆದಿರೋ 5ಡಬ್ಲ್ಯೂ-30 ಅಂದ್ರೆ ಏನು?

ಡಬ್ಲ್ಯೂ ಅಂದ್ರೆ ಚಳಿಗಾಲದ್ದು. ಮೊದಲಿನ ನಂಬರ್ ಚಳಿಯಲ್ಲಿ ಎಷ್ಟು ಸುಲಭವಾಗಿ ಹರಿಯುತ್ತೆ ಅನ್ನೋದಕ್ಕೆ, ಎರಡನೇದು ಎಂಜಿನ್ ಬಿಸಿಯಾದಾಗ ಎಷ್ಟು ಗಟ್ಟಿ ಉಳಿಯುತ್ತೆ ಅನ್ನೋದಕ್ಕೆ. "ನಮ್ಮ ಕಡೆ ಬಿಸಿಲು ಜಾಸ್ತಿ, ದಪ್ಪ ಆಯಿಲ್ ಹಾಕಿ" ಅನ್ನೋ ಸಲಹೆ ಕೇಳ್ಬೇಡಿ, ಪುಸ್ತಕದಲ್ಲಿರೋದೇ ಹಾಕಿ.

ಹಳೇ ಆಯಿಲ್ ಏನು ಮಾಡೋದು?

ಗಟಾರಕ್ಕೆ ಸುರೀಬೇಡಿ, ಗಿಡಕ್ಕೂ ಬೇಡ. ನಮ್ಮ ಕಡೆ ಗಟಾರದ ನೀರು ಕೊನೆಗೆ ಸೇರೋದು ಪವನಾ ನದಿಗೆ, ಅದೇ ದಂಡೆ ಮೇಲೆ ಮೋರಯಾ ಗೋಸಾವಿ ಗುಡಿ ಇದೆ, ಜನ ಅಲ್ಲಿ ಕೈಕಾಲು ತೊಳೀತಾರೆ. ಬಳಸಿದ ಆಯಿಲ್ಲು 2016ರ ನಿಯಮದ ಪ್ರಕಾರ ಅಪಾಯಕಾರಿ ತ್ಯಾಜ್ಯ. ಹೊಸ ಆಯಿಲ್ ಬಂದ ಡಬ್ಬಿಗೇ ಹಳೇದು ತುಂಬಿ ಮುಚ್ಚಳ ಹಾಕಿ ಗ್ಯಾರೇಜಿಗೆ ಕೊಡಿ, ಅವ್ರ ಹತ್ರ ಡ್ರಮ್ ಇರುತ್ತೆ, ಅದು ರೀಸೈಕಲ್ ಮಾಡೋರಿಗೆ ಹೋಗುತ್ತೆ.

ನಟ್ ಬಿಚ್ಚೋಕೇ ಬರ್ತಿಲ್ಲ, ಏನು ಮಾಡ್ಲಿ?

ಈ ಪ್ರಶ್ನೆ ಕೇಳುವಾಗ ಎಲ್ರ ದನಿಯಲ್ಲೂ ಅಳು ಇರುತ್ತೆ, ನನಗೆ ಅರ್ಥ ಆಗುತ್ತೆ. ಹತ್ತು ನಿಮಿಷದ ಕೆಲಸ ಇಡೀ ದಿನ ತಿನ್ನೋದು ಒಂದು ತುಕ್ಕು ಹಿಡಿದ ನಟ್ಟಿಂದಲೇ.

ಗೋವಾದ ವಾಸ್ಕೋದಲ್ಲಿ ನನ್ನ ಕಾಲೇಜು ಗೆಳೆಯ ಇದಾನೆ, ಸಿರ್ಸಿಯವನು. ಸಮುದ್ರದ ಗಾಳಿ, ಉಪ್ಪು, ನಾಲ್ಕು ತಿಂಗಳ ಮಳೆ, ಅಲ್ಲಿ ಕಬ್ಬಿಣ ಅಂದ್ರೆ ಕರಗ್ತಾನೇ ಇರುತ್ತೆ. ಒಂದು ಡಿಸೆಂಬರಲ್ಲಿ ಹೋದಾಗ ಅವನ ಗಾಡಿ ಬ್ಯಾಟರಿ ಬದಲಿಸೋಣ ಅಂತ ಬೆಳಿಗ್ಗೆ ಒಂಬತ್ತಕ್ಕೆ ಕೂತ್ವಿ. ಬ್ಯಾಟರಿ ಅಲ್ಲಾಡದ ಹಾಗೆ ಹಿಡಿಯೋ ಪಟ್ಟಿ ಇರುತ್ತಲ್ಲ, ಅದರ ಉದ್ದ ಬೋಲ್ಟಿನ ನಟ್ಟು ತುಕ್ಕು ಹಿಡಿದು ಕಂದು ಉಂಡೆ ಆಗಿಬಿಟ್ಟಿತ್ತು, ಉಪ್ಪಿನ ಗಾಳಿ ಜೊತೆಗೆ ಬ್ಯಾಟರಿ ಆಸಿಡ್ ಬೇರೆ. ಪಾನಾ ಕೂರೋದೇ ಇಲ್ಲ, ಕೂತ್ರೆ ಜಾರುತ್ತೆ, ಜಾರಿದಾಗೆಲ್ಲಾ ಗೆಣ್ಣು ಹೋಗಿ ರೇಡಿಯೇಟರ್ ಚೌಕಟ್ಟಿಗೆ ಬಡಿಯೋದು. ಅವನು "ಕತ್ತರಿಸಿಬಿಡೋಣ ಮಾರಾಯ" ಅಂದ, ನಾನು ಪೆಟ್ರೋಲ್ ಗಾಡಿಯ ಬಾನೆಟ್ ಒಳಗೆ ಬ್ಯಾಟರಿ ಪಕ್ಕ ಕಿಡಿ ಹಾರೋ ಕೆಲಸ ಬೇಡ ಅಂದೆ. ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತೆ, ಅಲ್ಲಿ ಕಿಡಿ ಅಂದ್ರೆ ಸ್ಫೋಟ.

ತಂತಿ ಬ್ರಷ್ಷಲ್ಲಿ ಉಜ್ಜಿ ತುಕ್ಕಿನ ಪುಡಿ ಬೀಳಿಸಿ, ತುಕ್ಕು ಬಿಡಿಸೋ ಸ್ಪ್ರೇ ಹೊಡೆದು ಬಿಟ್ವಿ. ಅರ್ಧ ಗಂಟೆಗೊಂದು ಸಲ ಮತ್ತೆ ಸ್ಪ್ರೇ, ಸಣ್ಣ ಸುತ್ತಿಗೆಯಲ್ಲಿ ನಟ್ ತಲೆ ಮೇಲೆ ಟಣ್ ಟಣ್ ಅಂತ ಹಗುರಕ್ಕೆ ತಟ್ಟೋದು, ಆ ಅದುರಿಗೆ ಎಣ್ಣೆ ಥ್ರೆಡ್ ಒಳಗೆ ಇಳಿಯುತ್ತೆ. ಮಧ್ಯೆ ಅವನ ಹೆಂಡತಿ ಊಟಕ್ಕೆ ಕರೆದ್ರು, ಊಟ ಮಾಡಿ ಬಂದು ಮತ್ತೆ ಅದೇ. ನಾಲ್ಕು ಗಂಟೆಗೆ ಆರು ಮೂಲೆಯ ಗೋಟಿ ತಟ್ಟಿ ಕೂರಿಸಿ, ಬಿಚ್ಚೋ ಕಡೆ ತಿರುಗಿಸೋ ಬದಲು ಮೊದಲು ಬಿಗಿಯೋ ಕಡೆ ಒಂದೇ ಒಂದು ಕೂದಲಷ್ಟು ತಿರುಗಿಸಿದೆ. ಟಕ್ ಅಂತು. ಆ ಶಬ್ದ ಕೇಳಿದ್ರೆ ನಿಮಗೆ ಗೊತ್ತಾಗುತ್ತೆ, ಮುರಿದಿದ್ದಲ್ಲ ಬಿಟ್ಟಿದ್ದು ಅಂತ, ಮುರಿದ್ರೆ ಕೈಗೆ ಒಂದು ತರ ಮೆತ್ತಗೆ ಅನಿಸುತ್ತೆ, ಬಿಟ್ರೆ ಚುರುಕಾಗಿ ಟಕ್ ಅನ್ನುತ್ತೆ. ಆಮೇಲೆ ಕಾಲು ಸುತ್ತು ಹಿಂದೆ, ಅರ್ಧಕ್ಕೆ ಮತ್ತೆ ಮುಂದೆ, ಹೀಗೆ ಹಿಂದೆಮುಂದೆ ಮಾಡ್ತಾ ಪೂರ್ತಿ ಬಂತು. ನಾವಿಬ್ರೂ ಆ ನಟ್ಟನ್ನ ಕಟ್ಟೆ ಮೇಲಿಟ್ಕೊಂಡು ಚಹಾ ಕುಡಿದ್ವಿ. ಹೊಸ ಬೋಲ್ಟ್ ನಟ್ಟಿಗೆ ಗ್ರೀಸ್ ಸವರಿ ಹಾಕಿ ಬಂದೆ, ಹೋದ ವರ್ಷ ಅದನ್ನ ಮತ್ತೆ ಬಿಚ್ಚಿದಾಗ ಎರಡು ಬೆರಳಿಗೆ ಬಂತು.

ಆದ್ರಿಂದ ಕಾಯೋದೇ ಅರ್ಧ ಕೆಲಸ. ಕೋಪ ಬಂದಾಗ ಪಾನಾ ಕೆಳಗಿಡಿ, ಪಾನಾಗೆ ಉದ್ದ ಪೈಪ್ ಸಿಗಿಸಿ ಜಗ್ಗೋ ಯೋಚನೆ ಬರೋದು ಆಗಲೇ, ಬೋಲ್ಟ್ ತಲೆ ಹಾರೋದೂ ಆಗಲೇ. ಚಕ್ರ ಅದು ಕೂರೋ ಹಬ್ ಅನ್ನೋ ಭಾಗಕ್ಕೆ ಅಂಟಿ ಬರದಿದ್ರೆ ನಟ್ ಪೂರ್ತಿ ತೆಗೀದೆ ಒಂದು ಸುತ್ತು ಸಡಿಲ ಬಿಟ್ಟು, ಗಾಡಿ ನೆಲಕ್ಕೆ ಇಳಿಸಿ ಮೆಲ್ಲಗೆ ಆ ಕಡೆ ಈ ಕಡೆ ಅಲ್ಲಾಡಿಸಿ, ಬಿಡುತ್ತೆ. ವಾಪಸ್ ಹಾಕುವಾಗ ನಟ್ಟುಗಳನ್ನ ಎದುರುಬದುರು ಬಿಗೀರಿ, ಸುತ್ತಲೂ ಸಾಲಾಗಿ ಅಲ್ಲ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಬಂದಿದೆ, ಬ್ಯಾಟರಿ ಹೋಯ್ತಾ?

ಹೋಗಿರಲ್ಲ, ತೊಳೆದು ನೋಡಿ. ಮೊದಲು ಮೈನಸ್ ಬಿಚ್ಚಿ, ಆಮೇಲೆ ಪ್ಲಸ್. ಯಾಕೆ ಅಂದ್ರೆ ಗಾಡಿ ಬಾಡಿ ಪೂರ್ತಿ ಮೈನಸ್ಸಿಗೆ ಸೇರಿರುತ್ತೆ, ಪ್ಲಸ್ ಬಿಚ್ಚುವಾಗ ಪಾನಾ ಬಾಡಿಗೆ ತಾಗಿದ್ರೆ ಶಾರ್ಟ್ ಆಗಿ ಪಾನಾನೇ ಸುಡುತ್ತೆ, ಮೈನಸ್ ಮೊದಲೇ ತೆಗೆದಿದ್ರೆ ಏನೂ ಆಗಲ್ಲ. ಹಾಕುವಾಗ ಉಲ್ಟಾ, ಪ್ಲಸ್ ಮೊದಲು. ಬಿಸಿನೀರಿಗೆ ಅಡುಗೆ ಸೋಡಾ ಎರಡು ಚಮಚ ಕಲಸಿ ಹಳೇ ಬ್ರಷ್ಷಲ್ಲಿ ಉಜ್ಜಿದ್ರೆ ನೊರೆ ಬಂದು ಪುಡಿ ಹೋಗುತ್ತೆ, ಒರೆಸಿ ಒಣಗಿಸಿ ವ್ಯಾಸಲೀನ್ ಸವರಿ. ಕೈಗೆ ಗ್ಲವ್ಸ್, ಕಣ್ಣಿಗೆ ಕನ್ನಡಕ.

ಮಲ್ಟಿಮೀಟರಲ್ಲಿ ರಾತ್ರಿ ಪೂರ್ತಿ ನಿಂತ ಗಾಡಿಗೆ 12.6 ವೋಲ್ಟ್ ಬಂದ್ರೆ ಫುಲ್ ಇದೆ, 12.2ಕ್ಕಿಂತ ಕೆಳಗಿದ್ರೆ ಚಾರ್ಜ್ ಇಳಿದಿದೆ. ಸ್ಟಾರ್ಟ್ ಮಾಡಿದಾಗ 13.8ರಿಂದ 14.4ರ ಸುತ್ತ ಬಂದ್ರೆ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್ ಸರಿ ಇದೆ. ಇದಿಷ್ಟು ಗೊತ್ತಿದ್ರೆ ಅಂಗಡಿಯವ್ರು ಹೇಳಿದ ತಕ್ಷಣ ಹೊಸ ಬ್ಯಾಟರಿ ತಗೊಳ್ಳೋ ಪ್ರಸಂಗ ಬರಲ್ಲ.

ಚೆಕ್ ಎಂಜಿನ್ ಲೈಟ್ ಬಂದಿದೆ, ಓಡಿಸ್ಬೋದಾ?

ಸುಮ್ನೆ ಉರೀತಿದ್ರೆ ಮೆಲ್ಲಗೆ ಮನೆ ತನಕ ಓಡಿಸಿ. ಮಿಣಮಿಣ ಅಂತಿದ್ರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಮಿಸ್ ಹೊಡೀತಿದೆ, ಅಂದ್ರೆ ಯಾವುದೋ ಸಿಲಿಂಡರಲ್ಲಿ ಪೆಟ್ರೋಲ್ ಸರಿಯಾಗಿ ಸುಡ್ತಿಲ್ಲ, ಸುಡದ ಪೆಟ್ರೋಲ್ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತೆ.

ಡ್ಯಾಶ್‌ಬೋರ್ಡ್ ಕೆಳಗೆ ಗಾಡಿಯ ಕಂಪ್ಯೂಟರ್ ಹಿಡಿದ ತೊಂದ್ರೆ ಓದೋಕೆ ಹದಿನಾರು ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ, ಅದಕ್ಕೆ ಸಿಗಿಸೋ ಬ್ಲೂಟೂತ್ ರೀಡರ್ ಸಾವಿರ ರೂಪಾಯಿ ಒಳಗೆ ಸಿಗುತ್ತೆ, ಫೋನಲ್ಲಿ ಕೋಡ್ ಬರುತ್ತೆ. ಕೋಡ್ ಬಂತು ಅಂತ ತಕ್ಷಣ ಪಾರ್ಟ್ ತರ್ಬೇಡಿ, ಅದು ತೊಂದ್ರೆ ಎಲ್ಲಿ ಕಾಣಿಸ್ತಿದೆ ಅಂತ ಹೇಳುತ್ತೆ, ಯಾಕೆ ಅಂತ ಹೇಳಲ್ಲ.

ನಮ್ಮ ಗಾಡಿ ಒಂದು ಮಳೆಗಾಲದಲ್ಲಿ ಬೆಳಿಗ್ಗೆ ಸ್ಟಾರ್ಟ್ ಆದಾಗ ನಡುಗೋಕೆ ಶುರುವಾಯ್ತು. ಒಂದು ಗ್ಯಾರೇಜಲ್ಲಿ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿನ ಕ್ಲೀನಿಂಗ್ ಆಗ್ಬೇಕು, ಕಿಡಿ ಹೊಡೆಯೋ ಮೂರು ಪ್ಲಗ್ಗು, ಅವಕ್ಕೆ ಕರೆಂಟ್ ಕೊಡೋ ಮೂರು ಕಾಯಿಲ್ಲು ಎಲ್ಲಾ ಬದಲಿಸ್ಬೇಕು ಅಂದ್ರು. ಮನೆಗೆ ಬಂದು ಕೋಡ್ ಓದಿದೆ, ಪಿ0303, ಅಂದ್ರೆ ಮೂರನೇ ಸಿಲಿಂಡರ್ ಮಿಸ್. ಎಂಜಿನ್ ಮೂರು ಸಿಲಿಂಡರಿಂದು, ಒಂದೊಂದಕ್ಕೂ ಬೇರೆ ಬೇರೆ ಕಾಯಿಲ್ ಮೇಲೇ ಕೂತಿರುತ್ತೆ. ಮೂರನೇದರ ಕಾಯಿಲ್ ತೆಗೆದು ಒಂದನೇದಕ್ಕೆ, ಒಂದನೇದನ್ನ ಮೂರನೇದಕ್ಕೆ ಹಾಕಿ, ಕೋಡ್ ಅಳಿಸಿ ಸ್ಟಾರ್ಟ್ ಮಾಡಿದೆ. ಈ ಸಲ ಪಿ0301 ಬಂತು. ತೊಂದ್ರೆ ಕಾಯಿಲ್ ಜೊತೆಗೇ ನಡೆದು ಒಂದನೇ ಮನೆಗೆ ಬಂದಿತ್ತು, ಅಂದ್ರೆ ಕೆಟ್ಟಿದ್ದು ಆ ಒಂದು ಕಾಯಿಲ್ ಮಾತ್ರ, ಇಂಜೆಕ್ಟರೂ ಅಲ್ಲ ಪ್ಲಗ್ಗೂ ಅಲ್ಲ. ಕೋಡ್ ಬದಲಾಗದೆ ಮೂರರಲ್ಲೇ ಉಳಿದಿದ್ರೆ ಪ್ಲಗ್ ಅದಲುಬದಲು ಮಾಡಿ ನೋಡ್ಬೇಕಿತ್ತು. ಒಂದು ಕಾಯಿಲ್ ತಂದು ಹಾಕಿದೆ, ನಡುಕ ನಿಲ್ತು. ಪಾರ್ಕಿಂಗಲ್ಲಿ ಒಬ್ನೇ ನಿಂತು ಎಂಜಿನ್ ಸಮಕ್ಕೆ ಓಡೋ ಶಬ್ದ ಎಷ್ಟೋ ಹೊತ್ತು ಕೇಳ್ತಾ ಇದ್ದೆ.

ಮಳೆಗಾಲಕ್ಕೆ ಮುಂಚೆ ಏನು ನೋಡ್ಕೋಬೇಕು?

ಮೇ ಕೊನೇ ವಾರ ವೈಪರ್ ಬ್ಲೇಡ್ ಬದಲಿಸಿ, ಬೇಸಿಗೆ ಬಿಸಿಲಿಗೆ ರಬ್ಬರ್ ಸತ್ತಿರುತ್ತೆ. ಬಾನೆಟ್ ಹಿಂದೆ ಗಾಜಿನ ಕೆಳಗೆ ಜಾಲರಿ ತರ ಪ್ಲಾಸ್ಟಿಕ್ ಇದೆಯಲ್ಲ, ಗುಲ್ಮೊಹರ್ ಎಲೆ ಹೂವು ಎಲ್ಲಾ ಅದರೊಳಗೆ ಸೇರಿ ನೀರು ಹೋಗೋ ತೂತು ಕಟ್ಕೊಳ್ಳುತ್ತೆ, ಆಮೇಲೆ ನೀರು ಗಾಡಿ ಒಳಗೆ ಕಾಲಡಿಗೆ ಬರುತ್ತೆ, ಜನ ಬಾಗಿಲ ರಬ್ಬರ್ ಬದಲಿಸ್ತಾ ಕೂರ್ತಾರೆ. ಕೈ ಹಾಕಿ ಎಲೆ ತೆಗೆದು ಒಂದು ಚೊಂಬು ನೀರು ಸುರಿದು ಎಲ್ಲಿಂದ ಹೊರಗೆ ಬರುತ್ತೆ ನೋಡಿ. ಬಾಗಿಲ ಕೆಳ ಅಂಚಿನ ತೂತುಗಳನ್ನೂ ಕಡ್ಡಿ ಹಾಕಿ ಬಿಡಿಸಿ.

ಎಲ್ಲಕ್ಕಿಂತ ಮುಖ್ಯ, ನೀರಲ್ಲಿ ನಿಂತ ಗಾಡಿ ಸ್ಟಾರ್ಟ್ ಮಾಡ್ಬೇಡಿ. ಮುಂಬೈಯಲ್ಲಿ 2005ರ ಜುಲೈ 26ಕ್ಕೆ ಸಾಂತಾಕ್ರೂಜಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಬಿತ್ತು, ಪುಣೆಯಲ್ಲಿ 2019ರ ಸೆಪ್ಟೆಂಬರ್ 25ರ ರಾತ್ರಿ ಆಂಬಿಲ್ ಓಢಾ ಅನ್ನೋ ಹಳ್ಳ ಉಕ್ಕಿ ಗಾಡಿಗಳು ಕೊಚ್ಕೊಂಡು ಹೋದ್ವು. ಇಂಥ ಕಡೆ ನೀರು ಇಳಿದ ಮೇಲೆ "ಒಂದ್ಸಲ ನೋಡೋಣ" ಅಂತ ಕೀ ತಿರುಗಿಸೋದೇ ಎಂಜಿನ್ ಕೊಲ್ಲೋದು. ಗಾಳಿ ಎಳ್ಕೊಳ್ಳೋ ದಾರಿಯಲ್ಲಿ ನೀರು ಸಿಲಿಂಡರಿಗೆ ಹೋಗಿರುತ್ತೆ, ಗಾಳಿ ಹಾಗೆ ನೀರು ಒತ್ತಿದ್ರೆ ಕುಗ್ಗಲ್ಲ, ಪಿಸ್ಟನ್ ಮೇಲೆ ಬರೋಕೆ ಜಾಗ ಇಲ್ಲದೆ ಅದನ್ನ ತಳ್ಳೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಬ್ಯಾಟರಿ ಮೈನಸ್ ಬಿಚ್ಚಿ, ಟೋ ಮಾಡಿಸಿ. ಸಾಮಾನ್ಯ ಇನ್ಶೂರೆನ್ಸಲ್ಲಿ ಹೀಗೆ ಹೋದ ಎಂಜಿನ್ನಿಗೆ ದುಡ್ಡು ಬರೋದು ಕಷ್ಟ, ಎಂಜಿನ್ ಪ್ರೊಟೆಕ್ಟ್ ಅಂತ ಬೇರೆ ಕವರ್ ಇರುತ್ತೆ, ಮಳೆ ಊರಲ್ಲಿರೋರು ಅದನ್ನ ತಗೊಂಡಿರಿ.

ಇಲಿ ವೈರ್ ಕಡೀತಿದೆ.

ಎಂಜಿನ್ ಬಿಸಿಗೆ ಬೆಚ್ಚಗೆ ಮಲಗೋಕೆ ಬರ್ತವೆ. ನಮ್ಮ ಸೊಸೈಟಿಯಲ್ಲಿ ಹೊಗೆಸೊಪ್ಪು ಬಟ್ಟೇಲಿ ಕಟ್ಟಿ ಇಟ್ಟೋರಿದಾರೆ, ಡಾಂಬರ್ ಗುಳಿಗೆ ಇಟ್ಟೋರಿದಾರೆ, ಸ್ವಲ್ಪ ದಿನ ತಡೆಯುತ್ತೆ ಅಷ್ಟೇ. ನಂದು ನಿಂತಿದ್ದು ಕಸದ ಡಬ್ಬಿಯಿಂದ ದೂರ ಗಾಡಿ ನಿಲ್ಲಿಸೋಕೆ ಶುರು ಮಾಡಿದ ಮೇಲೆ, ಮತ್ತೆ ವಾರಕ್ಕೆರಡು ಸಲ ಬಾನೆಟ್ ಎತ್ತಿ ನೋಡ್ತಿದ್ರೆ ಗೂಡು ಕಟ್ಟೋಕೆ ಬಿಡದ ಹಾಗೆ ಆಗುತ್ತೆ.

ಊರಿಗೆ ಹೋಗುವಾಗ ಘಾಟಲ್ಲಿ ಬ್ರೇಕ್ ಮೆತ್ತಗಾಗುತ್ತೆ, ಏನು ನೋಡ್ಲಿ?

ಬ್ರೇಕ್ ಆಯಿಲ್ ಯಾವಾಗ ಬದಲಿಸಿದ್ರಿ ಅಂತ ಮೊದಲು ನೆನಪು ಮಾಡ್ಕೊಳ್ಳಿ. ಅದು ಗಾಳಿಯ ತೇವ ಹೀರ್ಕೊಳ್ಳುತ್ತೆ. ಡಾಟ್ 3 ಅನ್ನೋ ದರ್ಜೆಯ ಬ್ರೇಕ್ ಆಯಿಲ್ ಹೊಸದಿದ್ದಾಗ ಕಮ್ಮಿ ಅಂದ್ರೂ 205 ಡಿಗ್ರಿ ತನಕ ಕುದಿಯಲ್ಲ, ನೀರು ಸೇರಿದ ಮೇಲೆ ಆ ಲೆಕ್ಕ 140ಕ್ಕೆ ಇಳಿಯುತ್ತೆ. ಡಾಟ್ 4ಗೆ 230 ಮತ್ತೆ 155. ಖಂಬಾಟ್ಕಿ ಘಾಟ್ ಇಳಿಯುವಾಗ, ಬೆಳಗಾವಿಯಿಂದ ಚೋರ್ಲಾ ಘಾಟಲ್ಲಿ ಗೋವಾಕ್ಕೆ ಇಳಿಯುವಾಗ ಬ್ರೇಕ್ ಒತ್ಕೊಂಡೇ ಹೋದ್ರೆ ಕಾದು ಒಳಗೆ ಆವಿ ಗುಳ್ಳೆ ಆಗುತ್ತೆ, ಪೆಡಲ್ ಸ್ಪಂಜ್ ತರ ಒಳಗೆ ಹೋಗುತ್ತೆ. ಸೆಕೆಂಡ್ ಥರ್ಡ್ ಗೇರಲ್ಲಿ ಎಂಜಿನ್ ತಡೆಯೋ ಹಾಗೆ ಇಳೀರಿ, ಎರಡು ವರ್ಷಕ್ಕೊಂದು ಸಲ ಬ್ರೇಕ್ ಆಯಿಲ್ ಬದಲಿಸಿ.

ನೀವೇ ಮಾಡೋದು ಅಂದ್ರೆ ಚಕ್ರದ ಸಂದಿಯಿಂದ ಟಾರ್ಚ್ ಬಿಟ್ಟು ಪ್ಯಾಡ್ ದಪ್ಪ ನೋಡೋದು, 3 ಮಿ.ಮೀ. ಹತ್ರ ಬಂದ್ರೆ ಬದಲಿಸೋದು. ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಇಳಿದಿದೆ ಅಂತ ಸುಮ್ನೆ ತುಂಬಿಸ್ಬೇಡಿ, ಪ್ಯಾಡ್ ಸವೆದ್ರೂ ಅದು ಇಳಿಯುತ್ತೆ, ಸೋರಿದ್ರೂ ಇಳಿಯುತ್ತೆ, ಯಾವುದು ಅಂತ ನೋಡದೆ ತುಂಬಿದ್ರೆ ಕಾಯಿಲೆ ಮುಚ್ಚಿಟ್ಟ ಹಾಗೆ. ಪೇಂಟ್ ಮೇಲೆ ಬಿದ್ರೆ ತಕ್ಷಣ ನೀರು ಹಾಕಿ ತೊಳೀರಿ, ಪೇಂಟ್ ತಿನ್ನುತ್ತೆ. ಬ್ರೇಕ್ ಆಯಿಲ್ ಬದಲಿಸಿ ಪೈಪಿನೊಳಗಿನ ಗಾಳಿ ತೆಗೆಯೋ ಕೆಲಸ ನಾನು ಇವತ್ತಿಗೂ ಗ್ಯಾರೇಜಲ್ಲೇ ಮಾಡಿಸೋದು, ಪಕ್ಕದಲ್ಲಿ ನಿಂತು ನೋಡ್ತೀನಿ.

ಏನೇನು ಮುಟ್ಟಲೇಬಾರ್ದು?

ಏರ್‌ಬ್ಯಾಗ್ ಮತ್ತೆ ಅದರ ಹಳದಿ ಕನೆಕ್ಟರುಗಳು. ಎ.ಸಿ. ಗ್ಯಾಸ್. ಸಿಎನ್‌ಜಿ ಕಿಟ್, ಇಲ್ಲಿ ಅರ್ಧ ಗಾಡಿಗಳಿಗೆ ಅದಿರುತ್ತೆ, ಸಿಲಿಂಡರಲ್ಲಿ 200 ಬಾರ್ ಒತ್ತಡ ಇರುತ್ತೆ, ಒಂದು ನಟ್ಟೂ ಮುಟ್ಬೇಡಿ, ಮೂರು ವರ್ಷಕ್ಕೊಂದು ಸಲ ಆಗ್ಬೇಕಾದ ಸಿಲಿಂಡರ್ ಟೆಸ್ಟ್ ಮರೀಬೇಡಿ. ಹೈಬ್ರಿಡ್ ಮತ್ತೆ ಎಲೆಕ್ಟ್ರಿಕ್ ಗಾಡಿಯ ಕಿತ್ತಳೆ ಬಣ್ಣದ ಕೇಬಲ್. ಬಿಸಿ ಎಂಜಿನ್ನಿನ ರೇಡಿಯೇಟರ್ ಮುಚ್ಚಳ. ಕೂಲಂಟ್ ಚೆಲ್ಲಿದ್ರೆ ಪೂರ್ತಿ ತೊಳೀರಿ, ಸಿಹಿ ಇರುತ್ತೆ, ನಾಯಿ ಬೆಕ್ಕು ನೆಕ್ಕಿ ಸಾಯ್ತವೆ.

ಫ್ಯೂಸ್ ಹೋದ್ರೆ ನೀವೇ ಹಾಕ್ಬೋದು, ಅದೇ ಬಣ್ಣದ್ದು ಹಾಕಿ. ಕೆಂಪು 10, ನೀಲಿ 15, ಹಳದಿ 20, ಹಸಿರು 30 ಆಂಪ್. ಕೆಂಪು ಪದೇ ಪದೇ ಹೋಗ್ತಿದೆ ಅಂತ ಹಸಿರು ಹಾಕಿದ್ರೆ ಮುಂದೆ ಹೋಗೋದು ವೈರು, ಆಮೇಲೆ ಗಾಡಿ.

ದುಡ್ಡು ಉಳಿಯುತ್ತಾ?

ಮೊದಲ ವರ್ಷ ಇಲ್ಲ, ಟೂಲಿಗೇ ಹೋಗುತ್ತೆ. ಆಮೇಲೆ ಫಿಲ್ಟರ್, ವೈಪರ್, ಪ್ಲಗ್, ಆಯಿಲ್ ಇಂಥವ್ರಲ್ಲಿ ಕೂಲಿ ಉಳಿಯುತ್ತೆ. ಆದ್ರೆ ನಿಜವಾಗಿ ಉಳಿಯೋದು ಬೇಡದ್ದನ್ನ ಮಾಡಿಸದೆ ಇರೋದ್ರಲ್ಲಿ, ಆ ಕಾಯಿಲ್ ಕಥೆ ಹೇಳಿದೆನಲ್ಲ. ಗಾಡಿ ಇನ್ನೂ ವಾರಂಟಿಯಲ್ಲಿದ್ರೆ ಸರ್ವಿಸ್ ಅವ್ರ ಹತ್ರಾನೇ ಮಾಡಿಸಿ, ನೋಡೋ ಕೆಲಸ ಮಾತ್ರ ನೀವು ಮಾಡಿ.

ನೀವೇ ಮಾಡ್ಕೊಂಡ್ರೆ ಮೆಕ್ಯಾನಿಕ್ ಬೇಜಾರ್ ಮಾಡ್ಕೊಳ್ಳಲ್ವಾ?

ಆಕುರ್ಡಿಯಲ್ಲಿ ನಾನು ಹೋಗೋ ದಾದಾಗೆ ಇದರಿಂದ ಖುಷಿನೇ. "ಗಾಡಿ ಸರಿ ಇಲ್ಲ" ಅನ್ನೋ ಬದಲು "ಎಡಗಡೆ ಮುಂದೆ, ನಲವತ್ತರ ಮೇಲೆ, ಬ್ರೇಕ್ ಹಿಡಿದಾಗ ಮಾತ್ರ" ಅಂತ ಹೇಳಿದ್ರೆ ಅವ್ರ ಅರ್ಧ ಗಂಟೆ ಉಳಿಯುತ್ತೆ. ಫಿಲ್ಟರ್ ರಿಂಗ್ ನೋಡೋ ಅಭ್ಯಾಸಕ್ಕೆ ಅವ್ರು ಶಹಬ್ಬಾಸ್ ಅಂದಿದ್ರು. ಬ್ರೇಕು ಕ್ಲಚ್ಚು ಸಸ್ಪೆನ್ಷನ್ನು ಎಲ್ಲಾ ಅವ್ರದ್ದೇ, ಅದರಲ್ಲಿ ಚೌಕಾಸಿ ಮಾಡಲ್ಲ.

ನಿಮ್ಮ ಜಾಕು ಟೂಲು ಒಂದು ದಿನಕ್ಕೆ ಕೊಡ್ತೀರಾ?

ಕೊಡ್ತೀನಿ, ಚಿಂಚವಡ ನಿಗಡಿ ಕಡೆಯ ಎಷ್ಟೋ ನಮ್ಮವ್ರ ಮನೆಗೆ ಹೋಗಿ ಬಂದಿದಾವೆ ಅವು. ಜಾಕ್ ತಗೊಂಡು ಹೋದ್ರೆ ಎರಡು ಸ್ಟ್ಯಾಂಡೂ ಚಕ್ರಕ್ಕೆ ಕೊಡೋ ಮರದ ತುಂಡೂ ಜೊತೆಗೇ ಹೋಗ್ಬೇಕು, ಬರೀ ಜಾಕ್ ಮಾತ್ರ ಯಾರಿಗೂ ಕೊಡಲ್ಲ. ಮೊದಲ ಸಲ ಆಯಿಲ್ ಬದಲಿಸೋರಾದ್ರೆ ಭಾನುವಾರ ಬೆಳಿಗ್ಗೆ ಇಟ್ಕೊಳ್ಳಿ, ನಾನೇ ಬರ್ತೀನಿ, ರಟ್ಟು ನೀವು ಹಾಸಿರಿ.